ಹಳದಿ ಕಾರಿನ ರೆಕ್ಕೆ

ಅಂಗಡಿಯಲ್ಲಿ ಕೂತು ಸಾಮಾನು ಆರಿಸುವ ತಾಳ್ಮೆ ನನಗೆ ಹುಟ್ಟಿನಿಂದಲೇ ಇಲ್ಲ. ಅಂಗಿಯಾಗಲಿ, ಅಂಜಲ್ ಮೀನಾಗಲಿ, ಎರಡು ನೋಡಿ ಮೂರನೆಯದಕ್ಕೆ ನನ್ನ ಕಾಲು ನಿಲ್ಲುವುದಿಲ್ಲ. ಅಂಥ ನನ್ನನ್ನು ಅಕ್ಕನ ಮಗ ಪ್ರಖ್ಯಾತ್ ಕುಂದಾಪುರದ ಹೆದ್ದಾರಿ ಬದಿಯ ಒಂದು ಕಾರು ಸಾಮಾನಿನ ಅಂಗಡಿಯಲ್ಲಿ ಒಂದೂವರೆ ಗಂಟೆ ಕೂರಿಸಿದ. ಅವನ ಹಳದಿ ಸ್ಪೋರ್ಟ್ಸ್ ಕಾರಿನ ಹಿಂದೆ ಹಾಕಲು ಒಂದು ಸ್ಪಾಯ್ಲರ್, ನಮ್ಮ ಬಾಯಲ್ಲಿ ರೆಕ್ಕೆ, ಮತ್ತೆ ಕಾರಿನ ಮೈಗೆ ಸುತ್ತ ಹಾಕುವ ಅದೂ ಇದೂ ಆರಿಸಬೇಕಿತ್ತು.

ಕಾರಿಗೆ ಎರಡು ಬಾಗಿಲು, ಎರಡೇ ಸೀಟು. ವಂಡ್ಸೆ ಕಡೆಯ ಹೋಟೆಲಿನವರೊಬ್ಬರು ಮುಂಬೈಯಿಂದ ತರಿಸಿದ್ದು. ಅವರ ಮಗ ಅದನ್ನು ಮರಕ್ಕೆ ಗುದ್ದಿ ಆಸೆ ಬಿಟ್ಟ ಮೇಲೆ ಅದರೊಳಗೆ ಕೋಳಿ ಮೊಟ್ಟೆ ಇಡುತ್ತಿತ್ತು. ಉಪ್ಪುಂದದ ಐಸ್ ಪ್ಲಾಂಟಿನಲ್ಲಿ ಮೆಷಿನ್ ನೋಡಿಕೊಳ್ಳುವ ನಮ್ಮ ಪ್ರಖ್ಯಾತ್ ಅದನ್ನು ಎಳೆಸಿಕೊಂಡು ಬಂದು, ಎರಡು ವರ್ಷ ಅದರ ಅಡಿಯಲ್ಲೇ ಮಲಗಿ, ಮತ್ತೆ ಓಡುವ ಹಾಗೆ ಮಾಡಿದ. ಬ್ರಹ್ಮಾವರದ ಹತ್ತಿರ ಮಾರಾಟವಾಗದ ಸೈಟುಗಳ ನಡುವೆ ಒಂದು ಹೊಸ ಡಾಂಬರು ರಸ್ತೆ ಇದೆ. ಕಾರಿನ ಹುಚ್ಚಿನವರ ಸಂಘವೊಂದು ಭಾನುವಾರ ಅಲ್ಲಿ ಓಟ ಇಟ್ಟಿತ್ತು. ಒಬ್ಬೊಬ್ಬರಾಗಿ ಓಡಿಸಬೇಕು, ಕಡಿಮೆ ಹೊತ್ತಿನಲ್ಲಿ ಮುಗಿಸಿದವ ಗೆದ್ದ. ನೇರದಲ್ಲಿ ನೂರ ನಲವತ್ತರವರೆಗೆ ಹೋಗುತ್ತಾರಂತೆ, ಕೊನೆಯಲ್ಲಿ ಒಂದು ತಿರುವು. ಎರಡು ವರ್ಷ ಬೆವರು ಸುರಿಸಿ ಅವನು ಕಾದಿದ್ದು ಆ ಒಂದು ದಿನಕ್ಕಾಗಿ.

ನಾನು ಸೂರ. ಕಿರಿಮಂಜೇಶ್ವರದ ಕಡಲ ಬದಿಯಲ್ಲಿ ನನ್ನ ಶೆಡ್ಡು, ಇಪ್ಪತ್ತೆಂಟು ವರ್ಷದಿಂದ ಫೈಬರ್ ದೋಣಿ ಮಾಡುತ್ತೇನೆ. ಬೈಂದೂರಿನಿಂದ ಗಂಗೊಳ್ಳಿಯವರೆಗೆ ನನ್ನ ಕೈಯ ದೋಣಿ ಇಲ್ಲದ ದಡ ಇಲ್ಲ. ಬಾಯಿ ಸ್ವಲ್ಪ ಜೋರು, ಒಪ್ಪುತ್ತೇನೆ. ನನ್ನ ಕೆಲಸಕ್ಕೆ ಹೆಸರಿಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದ ರಾಜೀವ ಒಮ್ಮೆ ಹತ್ತು ಜನರ ಮುಂದೆ, ನಾನು ಮಾಡಿದ ದೋಣಿ ಎಡಕ್ಕೆ ವಾಲುತ್ತದೆ ಎಂದ. ಅಲ್ಲೇ ಅವನಿಗೆ ಬಾಯಿಗೆ ಬಂದ ಹಾಗೆ ಬೈದೆ, ಅವತ್ತಿನಿಂದ ಅವನಿಗೂ ನನಗೂ ಮಾತಿಲ್ಲ. ದೋಣಿ ವಾಲುತ್ತಿದ್ದದ್ದು ಹೌದು, ಆ ಮಾತು ಬೇರೆ.

ಪ್ರಖ್ಯಾತ್ ಹಾಗಲ್ಲ. ಭಾವ ಮುತ್ತ ವರ್ಷದ ಎಂಟು ತಿಂಗಳು ರತ್ನಗಿರಿ ಬದಿಯ ಬೋಟಿನಲ್ಲಿರುತ್ತಾನೆ, ಹಾಗಾಗಿ ಹುಡುಗನನ್ನು ಬೆಳೆಸಿದ್ದು ಸೋದರಮಾವನಾದ ನಾನು. ಏನು ಹೇಳಿದರೂ "ಆಯ್ತ್ ಮಾವ" ಅನ್ನುತ್ತಾನೆ. ಇಪ್ಪತ್ತೇಳು ವರ್ಷಕ್ಕೆ ಒಮ್ಮೆಯೂ ಎದುರು ಮಾತಾಡಿಲ್ಲ. ಇದನ್ನು ನಾನು ಊರೆಲ್ಲ ಹೇಳಿಕೊಂಡು ತಿರುಗಿದವನು.

ಅಂಗಡಿಯ ದಿವ್ಯಾ ತಲ್ಲೂರಿನವಳು, ಡಿಪ್ಲೊಮಾ ಓದಿದವಳು. ಒಂದೊಂದನ್ನೇ ಕೆಳಗಿಳಿಸಿ ತೋರಿಸಿದಳು. ಮುಂದಿನ ಬಂಪರಿನ ಅಡಿಗೆ ಹಾಕುವ ತುಟಿ. ನಮ್ಮ ಓಣಿಯ ಮೊದಲ ರೋಡ್ ಹಂಪಿಗೇ ಅದು ಉದುರುತ್ತದೆ ಎಂದೆ. ಪಕ್ಕದಲ್ಲಿ ಎರಡು ಚಕ್ರಗಳ ನಡುವೆ ಹಾಕುವ ಸ್ಕರ್ಟು. ಅದು ಇರಲಿ, ಕೆಸರು ಹಾರುವುದಾದರೂ ತಪ್ಪಲಿ ಎಂದೆ. ಹಿಂದೆ ಕೆಳಗೆ ಹಾಕುವ, ಬಾಚಣಿಗೆಯ ಹಾಗೆ ಹಲ್ಲುಹಲ್ಲಾದ ಡಿಫ್ಯೂಸರ್. ಇದರಿಂದ ತಲೆ ಬಾಚಬೇಕಾ ಎಂದೆ. ಆಮೇಲೆ ಡಿಕ್ಕಿಯ ಅಂಚಿಗೆ ಅಂಟಿಸುವ ಒಂದು ಗಿಡ್ಡ ಸ್ಪಾಯ್ಲರ್, ಬಾತುಕೋಳಿ ಬಾಲದಂಥದ್ದು. ಪ್ರಖ್ಯಾತ್ ಅದನ್ನು ಎರಡು ಸಲ ಕೈಗೆ ತೆಗೆದುಕೊಂಡು ಎರಡು ಸಲ ವಾಪಸ್ ಇಟ್ಟ.

"ಅದೆಂತ, ಕಂಡ್ರೂ ಕಾಣದ್ ಹಾಂಗಿತ್ತ್," ಎಂದೆ. "ಆ ದೊಡ್ಡದ್ದ್ ಕಾಂಬ."

"ಆಯ್ತ್ ಮಾವ," ಎಂದ.

ದೊಡ್ಡದ್ದು ಅಂದರೆ ಎರಡು ಕಾಲಿನ ಮೇಲೆ ನಿಲ್ಲುವ ಐದು ಅಡಿ ಉದ್ದದ ರೆಕ್ಕೆ, ಮೇಲಿನ ಮೈ ಚಪ್ಪಟೆ, ಕೆಳಗಿನ ಮೈ ಉಬ್ಬು. ನಾನು ಬೆರಳಿನ ಗಂಟಿನಿಂದ ಕುಟ್ಟಿ ನೋಡಿದೆ. ಟೊಳ್ಳು ಶಬ್ದ. "ಎರಡ್ ಪದರ ಫೈಬರ್ ಮ್ಯಾಟ್ ಸಾ ಇಲ್ಲ ಇದ್ರಗೆ. ಇದ್ಕಿಂತ ಚಂದದ್ದ್ ನಾ ಮಾಡಿ ಕೊಡ್ತೆ," ಎಂದೆ.

ದಿವ್ಯಾ ನಗುತ್ತಲೇ ಹೇಳಿದಳು: "ಮಾಡುದ್ ಮಾಡ್ತ್ರಿ ಸೂರಣ್ಣ. ಆದ್ರೆ ಈ ಉಬ್ಬು ಕೆಳಗೇ ಇರ್ಕ್. ಜೋರ್ ಹೋಪತಿಗೆ ಗಾಳಿ ಬಂದ್ ಹಿಂದಿನ ಚಕ್ರನ ನೆಲಕ್ಕೆ ಒತ್ತುಕೆ ಇದ್ ಇಪ್ಪುದು."

"ಹಿಂದೆ ಒತ್ತುದಾ?" ನನಗೆ ನಗು ಬಂತು. "ಹಿಂದ್ ಒತ್ತಿದ್ ದೋಣಿ ನೀರ್ ಕುಡಿತ್ತ್ ಹೆಣ್ಣೇ. ನಂಗೆ ಹೇಳಿ ಕೊಡ್ತ್ಯಾ?"

ದೋಣಿಯ ಹಿಂಭಾಗ ತಗ್ಗಿದರೆ ಮೂತಿ ಆಕಾಶ ನೋಡುತ್ತದೆ, ಎಂಜಿನ್ ಎಷ್ಟು ಕೂಗಿದರೂ ದೋಣಿ ಮುಂದೆ ಹೋಗುವುದಿಲ್ಲ. ಓಡಬೇಕಾದರೆ ಹಿಂಭಾಗ ಎದ್ದು ನೀರಿನ ಮೇಲೆ ಬರಬೇಕು. ಇದು ನಮ್ಮ ದಡದಲ್ಲಿ ಮೀಸೆ ಮೂಡದವನಿಗೂ ಗೊತ್ತು. ದಿವ್ಯಾ ಇನ್ನೇನೋ ಹೇಳಲು ಬಾಯಿ ತೆರೆದು ಪ್ರಖ್ಯಾತನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಕೊನೆಗೆ ಅಚ್ಚು ತೆಗೆಯಲೆಂದು ಬಿರುಕು ಬಿಟ್ಟ ಹಳೆಯ ಸ್ಯಾಂಪಲ್ ಒಂದನ್ನು ನನ್ನ ಕೈಗೆ ಕೊಟ್ಟಳು.

ವಾರವಿಡೀ ನನಗೆ ಅದೇ ಕೆಲಸ. ದೋಣಿಯೊಂದು ಅರ್ಧಕ್ಕೆ ಬಿದ್ದುಕೊಂಡಿತ್ತು, ಅದರ ಮಾಲೀಕ ದಿನಕ್ಕೆ ಎರಡು ಸಲ ಬಂದು ಬೈದು ಹೋಗುತ್ತಿದ್ದ. ಸ್ಯಾಂಪಲ್ಲಿಗೆ ಮೇಣ ಉಜ್ಜಿ ಅಚ್ಚು ತೆಗೆದೆ. ಮ್ಯಾಟ್ ಹಾಸಿ, ರೆಸಿನ್ ಅಂಟು ಹಚ್ಚಿ, ಮೊದಲು ಪರೀಕ್ಷೆಗೆ ಒಂದು, ಆಮೇಲೆ ನಿಜದ್ದೊಂದು ಮಾಡಿದೆ. ಕಾಲು ಕೂರಿಸುವಾಗ ಮಾತ್ರ ಅಂಗಡಿಯವರ ತಪ್ಪನ್ನು ನಾನು ತಿದ್ದಿದೆ. ಇಡೀ ರೆಕ್ಕೆಯನ್ನು ಮಗುಚಿ, ಉಬ್ಬು ಮೇಲೆ ಬರುವ ಹಾಗೆ ಕೂರಿಸಿದೆ. ಗಾಳಿ ಅಡಿಗೆ ಹೊಕ್ಕರೆ ಕಾರಿನ ಹಿಂಭಾಗ ಹಗುರಾಗಬೇಕು, ಕಾರು ತೇಲಬೇಕು, ಅದು ನನ್ನ ಲೆಕ್ಕ.

ಅಕ್ಕ ಬಾಗಿ ಶೆಡ್ಡಿಗೆ ಚಹಾ ತಂದವಳು ಸ್ಯಾಂಪಲನ್ನೂ ನನ್ನದನ್ನೂ ಪಕ್ಕಪಕ್ಕ ನೋಡಿದಳು. "ಅದ್ ಹಾಂಗಿತ್ತ್, ಇದ್ ಹೀಂಗಿತ್ತಲೆ?" ಎಂದಳು.

"ಅವ್ರಿಗೆ ಗೊತ್ತಿಲ್ಲ," ಎಂದೆ.

"ನೀ ಹಿಡ್ದ್ ಮೊಲಕ್ಕೆ ಯಾವಾಗ್ಳೂ ಮೂರೇ ಕಾಲ್," ಎಂದು ಲೋಟ ಇಟ್ಟು ಹೋದಳು.

ಮಂಗಳವಾರ ಅದನ್ನು ಕಾರಿಗೆ ಕೂರಿಸಿದೆ. ಬೋಲ್ಟ್ ಹಾಕಿ ಸುಮ್ಮನಾಗುವ ಜನ ನಾವಲ್ಲ. ಡಿಕ್ಕಿಯ ಒಳಗಿನಿಂದ ಮೂರು ಪದರ ಮ್ಯಾಟ್ ಹಾಸಿ ರೆಸಿನ್ ಕುಡಿಸಿದೆ. ಹತ್ತು ವರ್ಷ ಉಪ್ಪು ನೀರಲ್ಲಿ ಮುಳುಗಿಸಿಟ್ಟರೂ ಬಿಡದ ಹಾಗೆ ಹಿಡಿಯಿತು. ಪ್ರಖ್ಯಾತ್ ಸುತ್ತ ಒಂದು ಸಲ ಬಂದು ನೋಡಿ, "ಚಂದ ಆಯ್ತ್ ಮಾವ," ಎಂದ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಚಕ್ರದಡಿ ನಿಂಬೆಹಣ್ಣು ಇಟ್ಟು ಅವನು ಹೊರಟ. ನಾನು ಕಾಲು ಗಂಟೆ ಬಿಟ್ಟು ನಮ್ಮೂರ ಕಿಟ್ಟನ ಗೂಡ್ಸ್ ಆಟೋದಲ್ಲಿ ಹೊರಟೆ. ಪರೀಕ್ಷೆಗೆ ಮಾಡಿದ ರೆಕ್ಕೆ ಶೆಡ್ಡಿನಲ್ಲಿ ಸುಮ್ಮನೆ ಬಿದ್ದಿತ್ತಲ್ಲ, ಅದನ್ನು ದಾರಿಯಲ್ಲಿ ದಿವ್ಯಾಳ ಅಂಗಡಿಗೆ ಕೊಟ್ಟು, ಕಲಿತವರಿಗೆ ಕೆಲಸ ಅಂದರೆ ಏನೆಂದು ತೋರಿಸಿ, ಬ್ರಹ್ಮಾವರಕ್ಕೆ ಹೋಗುವ ಯೋಚನೆ. ಆಟೋದ ಹಿಂಬದಿಯ ಕಂಬಿಗಳ ಮೇಲೆ ಅಡ್ಡಲಾಗಿ ಇಟ್ಟು, ಎರಡು ತುದಿಗೂ ಹಗ್ಗ ಸುತ್ತಿ ಕಟ್ಟಿದೆ. ಕಾರಿನ ಮೇಲೆ ಹೇಗೋ ಹಾಗೆಯೇ, ಉಬ್ಬು ಮೇಲೆ.

ನಾವುಂದ ದಾಟಿ ಮರವಂತೆಯ ನೇರ ರಸ್ತೆ ಸಿಕ್ಕಿದ್ದೇ ಕಿಟ್ಟ ಆಟೋವನ್ನು ಅರವತ್ತಕ್ಕೆ ಏರಿಸಿದ. ಹಿಂದಿನಿಂದ ಟಕಟಕ ಎಂದು ಶಬ್ದ ಶುರುವಾಯಿತು. ತಿರುಗಿ ನೋಡಿದರೆ ರೆಕ್ಕೆ ಕಂಬಿಯ ಮೇಲೆ ಕೂತಿರಲಿಲ್ಲ. ಹಗ್ಗ ಬಿಡುವಷ್ಟು ಮೇಲೆದ್ದು ಕುಣಿಯುತ್ತಿತ್ತು.

"ಸೂರಣ್ಣ, ನಿಮ್ಮ್ ರೆಕ್ಕಿ ಹಾರುಕ್ ಹೊರ್ಟಿತ್ತ್," ಎಂದ ಕಿಟ್ಟ.

ಆಟೋ ನಿಲ್ಲಿಸಿದೆವು. ರೆಕ್ಕೆ ತಣ್ಣಗೆ ಕಂಬಿಯ ಮೇಲೆ ಕೂತಿತು. ಹಗ್ಗ ಸಡಿಲ ಇರಬೇಕು ಎಂದುಕೊಂಡೆ. ಅಲ್ಲ, ನನ್ನ ಗಂಟು ಸಡಿಲಾಗುವುದಿಲ್ಲ. ನಾನು ಹಿಂದೆ ಹತ್ತಿ ನಿಂತೆ, ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈ ರೆಕ್ಕೆಯ ಮೇಲೆ. "ಹೋಪ. ಮೊದ್ಲಿನಷ್ಟೇ ಜೋರ್," ಎಂದೆ.

ನಲವತ್ತಕ್ಕೆ ಅದು ನನ್ನ ಅಂಗೈಯನ್ನು ಮುಟ್ಟಿತು. ಐವತ್ತಕ್ಕೆ ತಳ್ಳಿತು. ಅರವತ್ತಕ್ಕೆ ನಾನು ಒತ್ತಿ ಹಿಡಿದರೂ ಕೈಯ ಸಮೇತ ಮೇಲೆ ಏಳುತ್ತಿತ್ತು. ನಾಲ್ಕು ಕಿಲೋ ತೂಕದ ಸಾಮಾನು, ಅರವತ್ತಕ್ಕೇ ಹೀಗೆ. ನೂರ ನಲವತ್ತಕ್ಕೆ? ಕಾರಿನ ಹಿಂದಿನ ಚಕ್ರ ನೆಲ ಬಿಟ್ಟರೆ ತಿರುವಿನಲ್ಲಿ ಹಿಡಿಯುವುದು ಯಾರು? ದೋಣಿ ಎದ್ದರೆ ಅಡಿಗೆ ನೀರಿದೆ, ಹಿಂದೆ ಪ್ರೊಪೆಲ್ಲರ್ ಇದೆ. ಕಾರಿಗೆ ಇರುವುದು ಚಕ್ರ ಮಾತ್ರ, ಅದು ನೆಲವನ್ನು ಕಚ್ಚಿಕೊಂಡೇ ಇರಬೇಕು. ಅಂಗಡಿಯಲ್ಲಿ ಹುಡುಗಿ ನಗುತ್ತ ಹೇಳಿದ್ದು ಇದನ್ನೇ.

ಮುಂದಿನ ಸೀಟಿಗೆ ಬಂದು ಪ್ರಖ್ಯಾತನಿಗೆ ಫೋನ್ ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ಗಾಡಿ ಓಡಿಸುವಾಗ ಫೋನ್ ಮುಟ್ಟಬಾರದೆಂದು ಬೈದು ಕಲಿಸಿದವನೂ ನಾನೇ. ಮತ್ತೆ ಹಚ್ಚಿದೆ. ಮತ್ತೆ. ಕಿಟ್ಟನಿಗೆ ಜೋರು ಬಿಡು ಎಂದೆ. "ಇದ್ ಗೂಡ್ಸ್ ಆಟೋ ಮಾರಾಯ್ರೆ, ವಿಮಾನ ಅಲ್ಲ," ಎಂದ.

ಜೊತೆಗೆ ಯಾರಾದರೂ ಹೋಗಿದ್ದಾರಾ, ಬೇರೆ ನಂಬರ್ ಇದೆಯಾ ಎಂದು ಕೇಳಲು ಅಕ್ಕನಿಗೆ ಫೋನ್ ಮಾಡಿದೆ.

"ಅವ ಒಬ್ನೇ ಹೋದ್ದ್. ಎಂತಕ್ಕೆ?" ಎಂದಳು.

"ಸುಮ್ನೆ. ಒಂಚೂರ್ ನಿಲ್ಲುಕ್ ಹೇಳುಕಿತ್ತ್."

"ಹೊರ್ಟನ್ನ ಹಿಂದಿಂದ ಕರುದಾ? ದೋಣಿ ಹೊರಡತಿಗೆ ಯಾರಾರೂ ಕರೆದ್ರೆ ನೀ ಎಷ್ಟ್ ಕುಣಿತಿದ್ದೆ. ಎಂತ ಆಯ್ತ್? ನಿನ್ನ ಸ್ವರ ಎಂತಕ್ಕೆ ಹೀಂಗಿತ್ತ್?"

ನಾನು ಮಾಡಿದ್ದು ತಪ್ಪಾಗಿದೆ ಅಕ್ಕ, ಎಂದು ಹೇಳಬೇಕು. ಅಷ್ಟೇ ಮಾತು. ಹತ್ತು ಜನರ ಮುಂದೆ ರಾಜೀವನಿಗೆ ಬೈದ ಬಾಯಿಗೆ ಆ ನಾಲ್ಕು ಶಬ್ದ ಬರಲಿಲ್ಲ. "ಎಂತ ಇಲ್ಲ," ಎಂದು ಫೋನ್ ಇಟ್ಟೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ತ್ರಾಸಿಯಲ್ಲಿ ರಸ್ತೆ ಬದಿಗೆ ಜನ ಗುಂಪು ಕಟ್ಟಿತ್ತು. ಆಟೋ ಪೂರ್ತಿ ನಿಲ್ಲುವ ಮೊದಲೇ ನಾನು ಹಾರಿ ಇಳಿದು ಓಡಿದೆ. ಭುಜಗಳನ್ನು ಸರಿಸಿ ಒಳಗೆ ಇಣುಕಿದರೆ, ಮೀನಿನ ಲಾರಿಯಿಂದ ಬಿದ್ದ ನೀರಿಗೆ ಜಾರಿದ ಬೈಕು, ಮೊಣಕೈ ತರಚಿಕೊಂಡು ಎಳನೀರು ಕುಡಿಯುತ್ತಿದ್ದ ಯಾರೋ ಒಬ್ಬ. "ನಿಮ್ಮ್ ಪೈಕಿಯವ್ರಾ?" ಎಂದು ಕೇಳಿದರು. ತಲೆ ಅಲ್ಲಾಡಿಸಿ ವಾಪಸ್ ಓಡಿದೆ.

ಹೆಮ್ಮಾಡಿಯ ಸೇತುವೆ ಮೇಲೆ ಕಂಬಿ ಎಲ್ಲಾದರೂ ಮುರಿದಿದೆಯಾ ಎಂದು ನೋಡಿದೆ. ತಲ್ಲೂರಿನಲ್ಲಿ ಆಂಬ್ಯುಲೆನ್ಸ್ ಒಂದು ಎದುರಿನಿಂದ ಬಂತು, ಅದು ಸೈರನ್ ಹಾಕದೆ ಸುಮ್ಮನೆ ಹೋಗುತ್ತಿತ್ತು. ಅದು ಮರೆಯಾಗುವವರೆಗೆ ತಿರುಗಿ ನೋಡಿದೆ. ಕುಂದಾಪುರದಲ್ಲಿ ದಿವ್ಯಾಳ ಅಂಗಡಿಯ ಬೋರ್ಡು ಕಂಡಾಗ ಮುಖ ಆಚೆ ತಿರುಗಿಸಿದೆ. ಕಿಟ್ಟ "ಇಲ್ಲೇ ಅಲ್ದಾ ಕೊಡುದು?" ಎಂದ. "ಹೋಯ್ಲಿ, ನೀ ಬಿಡ್," ಎಂದೆ. ಫೋನ್ ಹಚ್ಚುತ್ತಲೇ ಇದ್ದೆ. ಹನ್ನೊಂದಕ್ಕೆ ಓಟ ಶುರು. ಅಷ್ಟರೊಳಗೆ ತಲುಪಿದರೆ ಸಾಕು, ದಾರಿಯಲ್ಲಿ ಎಲ್ಲೂ ಹುಚ್ಚು ಹಿಡಿದು ಜೋರು ಬಿಡದಿದ್ದರೆ ಸಾಕು, ಇನ್ನು ನಾನು ಯಾರಿಗೂ ಬೈಯುವುದಿಲ್ಲ. ಆನೆಗುಡ್ಡೆ ದೇವಸ್ಥಾನದ ಕಡೆ ಕೈ ಮುಗಿದು ಇದನ್ನೇ ಹೇಳಿಕೊಂಡೆ.

ಸ್ಪೋರ್ಟ್ಸ್ ಕಾರನ್ನು ಗೂಡ್ಸ್ ಆಟೋದಲ್ಲಿ ಅಟ್ಟಿಸಿಕೊಂಡು ಹೋಗುವವನಿಗೆ ಏನನ್ನಬೇಕು? ನನಗೇ ಗೊತ್ತಿತ್ತು, ಇದು ಆಗುವ ಮಾತಲ್ಲ. ಅವನು ಆಗಲೇ ಬ್ರಹ್ಮಾವರದಲ್ಲಿ ಇರಬೇಕು.

ತೆಕ್ಕಟ್ಟೆ ದಾಟಿದ್ದೇ ಕಿಟ್ಟ ಬೆರಳು ತೋರಿಸಿದ. ಮುಂದೆ, ರಸ್ತೆಯ ಎಡ ಅಂಚಿನಲ್ಲಿ, ಹಳದಿ ಕಾರು. ನಿಂತಿರಲಿಲ್ಲ, ಹೋಗುತ್ತಿತ್ತು. ಮೊಪೆಡ್ಡಿನಲ್ಲಿ ಹುಲ್ಲಿನ ಕಟ್ಟು ಹೇರಿಕೊಂಡ ಮುದುಕರೊಬ್ಬರು ಅದನ್ನು ಹಿಂದೆ ಹಾಕಿ ಮುಂದೆ ಹೋದರು. ಬಸ್ಸುಗಳು ಹಾರ್ನ್ ಹೊಡೆದು ಬಲದಿಂದ ದಾಟುತ್ತಿದ್ದವು.

"ಕಾಣಿ ಸೂರಣ್ಣ, ನನ್ನ್ ಆಟೋ ಸ್ಪೋರ್ಟ್ಸ್ ಕಾರನ್ನ ಹಿಡಿತ್," ಎಂದು ಕಿಟ್ಟ ಬಿದ್ದು ಬಿದ್ದು ನಕ್ಕ.

ಹೋದ ಜೀವ ಬಂದ ಹಾಗಾಯಿತು. ಕಣ್ಣು ತುಂಬಿ ರಸ್ತೆ ಮಂಜಾಯಿತು. ಆಟೋ ಪಕ್ಕಕ್ಕೆ ಹೋದದ್ದೇ ಕೈ ಹೊರಗೆ ಚಾಚಿ, "ಹ್ವಾಯ್, ನಿಲ್ಸ್," ಎಂದು ಕೂಗಿದೆ. ಪ್ರಖ್ಯಾತ್ ಕಾರನ್ನು ಬದಿಗೆ ತೆಗೆದು ನಿಲ್ಲಿಸಿ ಕೆಳಗಿಳಿದ. ನಾನು ಅವನ ಎರಡೂ ತೋಳು ಹಿಡಿದು ನೋಡಿದೆ. ಎಲ್ಲ ಸರಿ ಇತ್ತು. ಆಗ ಮಾತ್ರ ಇನ್ನೊಂದು ಯೋಚನೆ ಬಂತು.

"ಎಂತ ಮಾರಾಯ, ಇಷ್ಟ್ ಮೆಲ್ಲ?" ಎಂದೆ.

"ಕ್ಲಚ್ ಹಿಡಿತಿಲ್ಲ ಮಾವ. ಓಟಕ್ಕೆ ಆಪುದಿಲ್ಲ ಕಾಂತ್. ಅಲ್ಲಿಗ್ ಹೋಯಿ ಹೆಸ್ರ್ ತೆಗ್ಸಿ ಬತ್ತೆ." ಮೊದಲೇ ಕಟ್ಟಿಟ್ಟುಕೊಂಡ ಮಾತು, ಒಂದೇ ಉಸಿರಿಗೆ ಬಂತು.

ಎಂಜಿನ್ನಿನ ಸ್ವರ ಕೇಳಿ ಬೋಟಿನ ಕಾಯಿಲೆ ಹೇಳುವ ಕಿವಿ ನನ್ನದು. ನಾನೇ ಒಳಗೆ ಕೂತು ಹತ್ತು ಮಾರು ಮುಂದೆ ಓಡಿಸಿ ನೋಡಿದೆ. ಕ್ಲಚ್ಚಿಗೆ ಯಾವ ರೋಗವೂ ಇರಲಿಲ್ಲ. ಇಳಿದು ಬಂದಾಗ ಅವನು ಆಟೋದ ಹಿಂಬದಿ ಕಟ್ಟಿದ ರೆಕ್ಕೆಯನ್ನು ನೋಡುತ್ತಿದ್ದ.

"ರೆಕ್ಕಿ ಉಲ್ಟಾ ಇತ್ತ್," ಎಂದೆ. "ನಿಂಗ್ ಗೊತ್ತಿತ್ತಾ?"

ಅವನು ಕತ್ತು ಬಗ್ಗಿಸಿ ಹೌದೆಂದು ತಲೆ ಆಡಿಸಿದ.

"ಎಗ್ಳಿಂದ?"

"ಬುಧವಾರ. ಸ್ಕರ್ಟಿನ್ ಕ್ಲಿಪ್ ತಕಂಬುಕ್ ಹೋದಾಗ ದಿವ್ಯಾ ಕಂಡ್ ಹೇಳ್ತ್. ಐವತ್ತರ್ ಮೇಲೆ ಓಡ್ಸ್ಬೇಡ ಅಂತ್."

ಬುಧವಾರದಿಂದ ಭಾನುವಾರದವರೆಗೆ ದಿನಾ ನನ್ನ ಎದುರು ಕೂತು ಗಂಜಿ ಉಂಡಿದ್ದಾನೆ. ರೆಕ್ಕೆ ಹೇಗಿದೆ ಎಂದು ನಾನು ದಿನಾ ಕೇಳಿದ್ದೇನೆ. ಚಂದ ಇದೆ ಎಂದು ದಿನಾ ಹೇಳಿದ್ದಾನೆ. ಎರಡು ವರ್ಷ ಕಾದ ಓಟವನ್ನು ಕ್ಲಚ್ಚಿನ ಸುಳ್ಳು ಹೇಳಿ ಬಿಡಲು ಹೊರಟಿದ್ದ.

"ನನ್ನತ್ರ ಎಂತಕ್ಕೆ ಹೇಳಲ್ಲ?"

ಆಟೋದೊಳಗಿಂದ ಕಿಟ್ಟ ಹೇಳಿದ, "ನಿಮ್ಮತ್ರ ಯಾರ್ ಹೇಳ್ತ್ರ್ ಸೂರಣ್ಣ."

ಕಿಟ್ಟನಿಗೆ ಬೈಯಲು ತಿರುಗಿದೆ. ಬಾಯಿಯವರೆಗೆ ಬಂದದ್ದು ಅಲ್ಲೇ ನಿಂತಿತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗಿತ್ತು. ಅವನ ಆಟೋದ ಸೀಟಿನಡಿ ಇದ್ದ ಹ್ಯಾಕ್ಸಾ ಬ್ಲೇಡು ತೆಗೆದುಕೊಂಡು ಕಾರಿನ ಹಿಂದೆ ಬಂದೆ.

"ಬ್ಯಾಡ ಮಾವ," ಎಂದ ಪ್ರಖ್ಯಾತ್. "ಇಷ್ಟ್ ಚಂದ ಮಾಡಿದ್ರಿ. ಇನ್ನೊಂದ್ ಸಲ ಕಾಂಬ."

"ತಪ್ಪಾಯಿತ್ತ್ ಅಂದೇಳಿ ಹೇಳ್."

"ತಪ್ಪ್ ಎಂತ ಇಲ್ಲ ಮಾವ. ಒಂಚೂರ್ ಆಚೆ ಈಚೆ ಆಯಿತ್ತ್, ಅಷ್ಟೇ."

ನಾನು ಕೊಯ್ಯಲು ಶುರು ಮಾಡಿದೆ. ಗಟ್ಟಿ ಕೆಲಸ ಮಾಡಿದ ಶಿಕ್ಷೆ ನನಗೇ. ಒಂದು ಕಾಲು ತುಂಡಾಗಲು ಕಾಲು ಗಂಟೆ ಹಿಡಿಯಿತು, ಫೈಬರಿನ ಪುಡಿ ಕುತ್ತಿಗೆಗೆ ಕೂತು ತುರಿಸಿತು. ಬಸ್ಸಿನ ಕಿಟಕಿಯಿಂದ ಜನ ನೋಡಿಕೊಂಡು ಹೋದರು. ಎರಡನೆಯ ಕಾಲಿಗೆ ಬಂದಾಗ ಪ್ರಖ್ಯಾತ್ ರೆಕ್ಕೆ ಬೀಳದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡ. ಓಟಕ್ಕೆ ಇನ್ನೂ ಗಂಟೆ ಇತ್ತು. ರೆಕ್ಕೆ ಇಲ್ಲದೆಯೂ ಓಡಿಸಬಹುದಾ ಎಂದು ಕೇಳಿದೆ. ಓಡಿಸಬಹುದು ಎಂದ.

ತುಂಡಾದದ್ದನ್ನು ಅವನ ಕೈಯಿಂದ ತೆಗೆದುಕೊಂಡು, ಮಗುಚಿ, ಡಿಕ್ಕಿಯ ಮೇಲೆ ಹಿಡಿದೆ. ಈಗ ಉಬ್ಬು ಕೆಳಗೆ ಬಂದಿತ್ತು.

"ಹೀಂಗಾ?" ಎಂದೆ.

"ಹೀಂಗೂ ಆತ್ತ್ ಮಾವ. ನಿಮ್ಗೆ ಹ್ಯಾಂಗ್ ಕಾಂತೋ ಹಾಂಗೆ."

"ನಂಗೆ ಗೊತ್ತಿಲ್ಲ. ನಾ ನಿನ್ನತ್ರ ಕೇಂತಿದ್ದೆ." ಮೆಲ್ಲಗೆ ಹೇಳಬೇಕೆಂದೇ ಹೊರಟದ್ದು, ಆಗಲೂ ನನ್ನ ಸ್ವರ ಜೋರಾಗಿಯೇ ಬಂತು.

ಅವನು ರೆಕ್ಕೆ ನೋಡಿದ, ನನ್ನ ಮುಖ ನೋಡಿದ, ಮತ್ತೆ ರೆಕ್ಕೆ ನೋಡಿದ.

"ಹೀಂಗೇ ಇರ್ಕಿತ್ತ್," ಎಂದ. "ನೀವ್ ಮಾಡಿದ್ದ್ ತಪ್ಪ್ ಮಾವ."

ಅಷ್ಟು ಹೇಳಿ, ನನ್ನ ಕೈಗೆ ಎಟುಕದಷ್ಟು ಹಿಂದಕ್ಕೆ ಸರಿದು ನಿಂತ. ಅವನು ಹುಟ್ಟಿದ ಮೇಲೆ ನಾನು ಅವನ ಮೇಲೆ ಒಮ್ಮೆಯೂ ಕೈ ಮಾಡಿದವನಲ್ಲ.